ಹುಂಜ ಮೊಟ್ಟೆ ಇಡುವುದಿಲ್ಲ: ಮರಾನ್ಸ್ ಕೋಳಿಯಲ್ಲಿ ಕಡು ಬಣ್ಣ, ಒಳ್ಳೆ ರೂಪ ಎರಡನ್ನೂ ಹಿಡಿದಿಡುವುದು

ಕಪ್ಪು ಮೈ, ತಾಮ್ರದ ಕುತ್ತಿಗೆ, ಕಡು ಕಂದು ಮೊಟ್ಟೆಯ ಬ್ಲ್ಯಾಕ್ ಕಾಪರ್ ಮರಾನ್ಸ್ ಕೋಳಿಯ ಮರಿ ಮಾಡಿಸುವವರು ಸಾಮಾನ್ಯವಾಗಿ ಎರಡು ಪಂಗಡ. ಮೊಟ್ಟೆ ಕಡು ಕಂದು ಬಂದರೆ ಸಾಕು, ಕೋಳಿ ಹೇಗಿದ್ದರೂ ನಡೆಯುತ್ತದೆ ಅನ್ನುವವರು ಒಂದು ಕಡೆ. ಪ್ರದರ್ಶನದಲ್ಲಿ ರಿಬ್ಬನ್ ಬಂದರೆ ಸಾಕು, ಮೊಟ್ಟೆ ಯಾರು ನೋಡುತ್ತಾರೆ ಅನ್ನುವವರು ಇನ್ನೊಂದು ಕಡೆ. ನಾಲ್ಕೈದು ತಲೆಮಾರು ಕಳೆಯುವಷ್ಟರಲ್ಲಿ ಮೊದಲನೆಯವರ ಅಂಗಳದಲ್ಲಿ ಕಾಲಲ್ಲಿ ಗರಿಯಿಲ್ಲದ, ಜುಟ್ಟು ವಾಲಿದ, ಅಂಗಾಲು ಹಳದಿಯಾದ ಕೋಳಿಗಳು ಓಡಾಡುತ್ತಿರುತ್ತವೆ. ಎರಡನೆಯವರ ಬುಟ್ಟಿಯಲ್ಲಿ ಅಂಗಡಿಯ ಕಂದು ಮೊಟ್ಟೆಯಂಥದ್ದೇ ಮೊಟ್ಟೆ. ಎರಡನೆಯದಕ್ಕೆ ನೆದರ್ಲೆಂಡ್ಸ್‌ನ ಬಾರ್ನೆವೆಲ್ಡರ್ ತಳಿಯೇ ಸಾಕ್ಷಿ. ಒಂದು ಕಾಲಕ್ಕೆ ಆ ತಳಿಯ ಹೆಸರು ನಡೆದದ್ದೇ ಕಡು ಕಂದು ಮೊಟ್ಟೆಯಿಂದ. ಒಂದೊಂದು ಗರಿಗೂ ಎರಡೆರಡು ಅಂಚು ಮೂಡಿಸುವ ಹಟಕ್ಕೆ ಬಿದ್ದ ಮೇಲೆ ಎಷ್ಟೋ ಪ್ರದರ್ಶನ ವಂಶಗಳಲ್ಲಿ ಮೊಟ್ಟೆಯ ಬಣ್ಣ ಸಾಧಾರಣ ಕಂದಿಗೆ ಇಳಿದುಹೋಯಿತು.

ಎರಡನ್ನೂ ಒಟ್ಟಿಗೆ ಉಳಿಸಿಕೊಳ್ಳಬಹುದು. ಕೆಲಸ ಕಷ್ಟದ್ದಲ್ಲ, ಆದರೆ ನಿಧಾನದ್ದು, ಲೆಕ್ಕದ ಪುಸ್ತಕ ಇಲ್ಲದೆ ಆಗುವಂಥದ್ದೂ ಅಲ್ಲ. ತೊಡಕಿನ ಬೇರು ಒಂದೇ: ಹೆಣ್ಣುಮಕ್ಕಳು ಇಡುವ ಮೊಟ್ಟೆಯ ಬಣ್ಣದಲ್ಲಿ ಅರ್ಧ ಪಾಲು ಹುಂಜನದು, ಹುಂಜ ಮೊಟ್ಟೆ ಇಡುವುದಿಲ್ಲ. ಅವನ ರೂಪ ಕಣ್ಣಿಗೆ ಕಾಣುತ್ತದೆ, ಬಣ್ಣದ ಗುಣ ಕಾಣುವುದಿಲ್ಲ. ಹಾಗಾಗಿ ಬಹುತೇಕರು ಹುಂಜನನ್ನು ಬರೀ ಅಂದ ನೋಡಿ ಇಟ್ಟುಕೊಳ್ಳುತ್ತಾರೆ. ಮೊಟ್ಟೆಯ ಬಣ್ಣ ಸೋರಿಹೋಗುವುದು ಈ ಬಾಗಿಲಿಂದಲೇ.

ತಳಿಯ ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಪಶ್ಚಿಮ ಫ್ರಾನ್ಸಿನ ಲಾ ರೋಶೆಲ್ ಹತ್ತಿರದ ಮರಾನ್ಸ್ ಎಂಬ ಪಟ್ಟಣದ ಸುತ್ತ ಜೌಗು ನೆಲ. ಅಲ್ಲಿನ ನಾಟಿ ಕೋಳಿಗಳಿಗೆ ಹಡಗುಗಳಲ್ಲಿ ಬಂದ ಕಾಳಗದ ಹುಂಜಗಳು ಬೆರೆತವು. ಆಮೇಲೆ ಚೀನಾ ಮೂಲದ ಲಾಂಗ್‌ಶಾನ್ ಸೇರಿತು. ಕಾಲಿನ ಗರಿ ಬಂದದ್ದು ಲಾಂಗ್‌ಶಾನ್‌ನಿಂದ, ಕಡು ಬಣ್ಣದ ದೊಡ್ಡ ಪಾಲೂ ಅಲ್ಲಿಂದಲೇ ಎಂದು ಹೇಳುತ್ತಾರೆ. ಇಂಗ್ಲೆಂಡಿಗೆ ಹೋದ ಕೋಳಿಗಳಲ್ಲಿ ಬೋಳು ಕಾಲಿನವನ್ನು ಆರಿಸಿಕೊಂಡರು, ಫ್ರೆಂಚರು ಗರಿಗಾಲನ್ನೇ ಉಳಿಸಿಕೊಂಡರು. ಅಮೆರಿಕನ್ ಪೌಲ್ಟ್ರಿ ಅಸೋಸಿಯೇಶನ್ ಮರಾನ್ಸ್‌ಗೆ ಮಾನ್ಯತೆ ಕೊಟ್ಟದ್ದು 2011ರಲ್ಲಿ, ಅದೂ ಗರಿಗಾಲಿನದಕ್ಕೆ. ಹೀಗಾಗಿ ಮೊಟ್ಟೆಯನ್ನೋ ಮರಿಯನ್ನೋ ಕೊಳ್ಳುವ ಮೊದಲು ಯಾವ ದೇಶದ ಮಾನದಂಡಕ್ಕೆ (ತಳಿ ಹೇಗಿರಬೇಕೆಂಬ ಲಿಖಿತ ನಿಯಮಕ್ಕೆ) ಸಾಕುತ್ತೀರಿ ಎಂದು ತೀರ್ಮಾನಿಸಿ. ಎರಡನ್ನೂ ಬೆರೆಸಿದರೆ ಕಾಲಿನ ಗರಿಯ ವಿಷಯದಲ್ಲಿ ವರ್ಷಗಟ್ಟಲೆ ಗೋಜಲು.

ಬಣ್ಣ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ

ಕಂದು ಬಣ್ಣದ ವಸ್ತು ಪ್ರೋಟೋಪಾರ್ಫಿರಿನ್. ಮೊಟ್ಟೆ ಒಟ್ಟು 25-26 ಗಂಟೆ ಕೋಳಿಯ ಒಳಗೆ ತಯಾರಾಗುತ್ತದೆ, ಅದರಲ್ಲಿ ಸುಮಾರು 20 ಗಂಟೆ ಚಿಪ್ಪು ಕಟ್ಟುವ ಗ್ರಂಥಿಯಲ್ಲೇ ಕಳೆಯುತ್ತದೆ. ಬಣ್ಣದ ಬಹುಪಾಲು ಕೂರುವುದು ಕಡೆಯ ಕೆಲವು ಗಂಟೆಗಳಲ್ಲಿ, ಚಿಪ್ಪಿನ ಮೇಲ್ಪದರದಲ್ಲಿ. ಆಗ ತಾನೆ ಇಟ್ಟ ಒದ್ದೆ ಮೊಟ್ಟೆಯನ್ನು ಉಗುರಿಂದ ಗೀರಿದರೆ ಬಣ್ಣ ಎದ್ದುಬರುವುದು ಇದಕ್ಕೇ. ನೀಲಿ ಮೊಟ್ಟೆಯ ಸಂಗತಿ ಬೇರೆ, ಅಲ್ಲಿ ಬಣ್ಣ ಚಿಪ್ಪಿನ ಆರುಪಾರು ಇರುತ್ತದೆ, ಅದನ್ನು ಒಂದೇ ಜೀನ್ ನಡೆಸುತ್ತದೆ. ಕಂದಿಗೆ ಹಾಗೆ ಒಂದು ಜೀನ್ ಇಲ್ಲ. ಹಲವು ಜೀನ್‌ಗಳು ಸ್ವಲ್ಪ ಸ್ವಲ್ಪವೇ ಕೂಡಿಸುತ್ತವೆ. ಒಮ್ಮೆ ಹೊರಗಿನ ರಕ್ತ ಬೆರೆಸಿದರೆ ಬಣ್ಣ ನಡುವಿಗೆ ಇಳಿಯುತ್ತದೆ, ವಾಪಸ್ ಏರಿಸಲು ತಲೆಮಾರುಗಳೇ ಬೇಕು.

ಗ್ರಂಥಿ ಒಂದು ದಿನಕ್ಕೆ ಮಾಡಬಲ್ಲ ಬಣ್ಣಕ್ಕೆ ಮಿತಿ ಇದೆ. ಮೊಟ್ಟೆ ದೊಡ್ಡದಾದಂತೆ ಅದೇ ಒಂದು ಡಬ್ಬಿ ಬಣ್ಣವನ್ನು ಅಗಲ ಗೋಡೆಗೆ ಬಳಿದ ಹಾಗೆ ತೆಳುವಾಗುತ್ತದೆ. ಸಾಲುಸಾಲಾಗಿ ಮೊಟ್ಟೆ ಇಟ್ಟಂತೆ ಇನ್ನೂ ತೆಳು. ಹರೆಯದ ಹೇಂಟೆಯ ಮೊದಲ ಹತ್ತು ಮೊಟ್ಟೆ ಕಡುಗಪ್ಪಾಗಿ ಬರುವುದೂ, ಬೇಸಿಗೆ ಕಳೆಯುವ ಹೊತ್ತಿಗೆ ಅದೇ ಕೋಳಿ ಇಟ್ಟಿಗೆ ಬಣ್ಣಕ್ಕೆ ಇಳಿಯುವುದೂ, ಗರಿ ಉದುರಿಸಿ ಎರಡು ಮೂರು ತಿಂಗಳು ವಿಶ್ರಾಂತಿ ಪಡೆದ ಮೇಲೆ ಮತ್ತೆ ಕಡುವಾಗುವುದೂ ಇದರಿಂದಲೇ. ಮಾರಾಟಕ್ಕೆ ಹಾಕುವ ಫೋಟೋಗಳು ಹೆಚ್ಚುಕಮ್ಮಿ ಯಾವಾಗಲೂ ಆ ಮೊದಲ ಹತ್ತರ ಫೋಟೋಗಳೇ. ಕೊಳ್ಳುವವರು ಕೇಳಬೇಕಾದ್ದು ಇಷ್ಟು: ಏಪ್ರಿಲ್-ಮೇ ತಿಂಗಳಲ್ಲಿ, ಕೋಳಿ ಪೂರ್ಣ ಇಳುವರಿಯಲ್ಲಿದ್ದಾಗ ತೆಗೆದ ಫೋಟೋ ಇದೆಯೇ?

ಇದರಲ್ಲೇ ಇನ್ನೊಂದು ಬಲೆ ಇದೆ. ವಾರಕ್ಕೆ ಎರಡೇ ಮೊಟ್ಟೆ ಇಡುವ ಕೋಳಿಯ ಮೊಟ್ಟೆ ಸಹಜವಾಗಿಯೇ ಕಡುವಾಗಿರುತ್ತದೆ. ಬಣ್ಣವೊಂದನ್ನೇ ನೋಡಿ ಆರಿಸುತ್ತಾ ಹೋದರೆ, ಗೊತ್ತಿಲ್ಲದೆಯೇ ಮೊಟ್ಟೆ ಕಮ್ಮಿ ಇಡುವ ಕೋಳಿಗಳನ್ನೇ ಆರಿಸಿದಂತಾಗುತ್ತದೆ. ಆದ್ದರಿಂದ ಅಂಕ ಕೊಡಬೇಕಾದ್ದು ಮೊದಲ ಮೊಟ್ಟೆಗಲ್ಲ, ಮೂವತ್ತನೆಯ ಮೊಟ್ಟೆಯ ಆಸುಪಾಸಿನ ಮೂರಕ್ಕೆ. ಅದರ ಪಕ್ಕದಲ್ಲಿ ಆ ಮೂವತ್ತು ಮೊಟ್ಟೆ ಇಡಲು ಎಷ್ಟು ದಿನ ಹಿಡಿಯಿತು ಎಂದೂ ಬರೆಯಿರಿ. ನಲವತ್ತೈದು ದಿನದಲ್ಲಿ ಮೂವತ್ತು ಇಟ್ಟು 5ನೇ ಅಂಕದ ಬಣ್ಣ ಉಳಿಸಿಕೊಂಡ ಹೇಂಟೆ, ಎಂಬತ್ತು ದಿನ ತೆಗೆದುಕೊಂಡು 6 ಕೊಟ್ಟವಳಿಗಿಂತ ನನ್ನ ಲೆಕ್ಕದಲ್ಲಿ ಮೇಲು.

ಅಂಕ ಅಂದರೆ ಫ್ರೆಂಚ್ ಮರಾನ್ಸ್ ಕ್ಲಬ್ಬಿನ 1ರಿಂದ 9ರವರೆಗಿನ ಬಣ್ಣದ ಪಟ್ಟಿ. 4ಕ್ಕಿಂತ ಕೆಳಗಿನದು ಮರಾನ್ಸ್ ಮೊಟ್ಟೆ ಅನ್ನಿಸಿಕೊಳ್ಳುವುದಿಲ್ಲ. ಮೊಬೈಲ್ ಪರದೆಯ ಮೇಲೆ ಈ ಪಟ್ಟಿಯನ್ನು ನಂಬಬೇಡಿ, ಒಂದೊಂದು ಪರದೆಯಲ್ಲಿ ಒಂದೊಂದು ಬಣ್ಣ. ಅಚ್ಚಾದ ಪಟ್ಟಿಯನ್ನು ತರಿಸಿಕೊಂಡು, ಮೊಟ್ಟೆ ಪೂರ್ತಿ ಒಣಗಿದ ಮೇಲೆ, ಬಯಲಿನ ನೆರಳಿನಲ್ಲಿ, ದಿನವೂ ಹೆಚ್ಚುಕಮ್ಮಿ ಒಂದೇ ಹೊತ್ತಿನಲ್ಲಿ ಹಿಡಿದು ನೋಡಿ. ಒದ್ದೆ ಮೊಟ್ಟೆ ಒಂದು ಅಂಕ ಕಡುವಾಗಿ ಕಾಣುತ್ತದೆ. ಫೋಟೋ ತೆಗೆಯಲೇಬೇಕೆಂದರೆ ಪಕ್ಕದಲ್ಲೊಂದು ಬಿಳಿ ಮೊಟ್ಟೆ ಇಡಿ, ಕ್ಯಾಮೆರಾ ಎಷ್ಟು ಸುಳ್ಳು ಹೇಳಿದೆ ಎಂದು ಅದರಿಂದ ತಿಳಿಯುತ್ತದೆ.

ಬಣ್ಣ ಏಕಾಏಕಿ ಇಳಿದರೆ ವಂಶವನ್ನು ದೂರುವ ಮೊದಲು ಒಂದು ಪ್ರಶ್ನೆ ಹಾಕಿಕೊಳ್ಳಿ: ಒಬ್ಬಳದು ಇಳಿಯಿತೋ, ಎಲ್ಲರದೂ ಒಟ್ಟಿಗೆ ಇಳಿಯಿತೋ? ಒಬ್ಬಳದಾದರೆ ಅವಳ ವಯಸ್ಸು, ಇಳುವರಿ, ಆರೋಗ್ಯ ನೋಡಿ. ಎಲ್ಲರದೂ ಒಂದೇ ವಾರದಲ್ಲಿ ಇಳಿದರೆ ಕಾರಣ ಹೊರಗಿನದು. ಇನ್‌ಫೆಕ್ಷಿಯಸ್ ಬ್ರಾಂಕೈಟಿಸ್, ರಾಣಿಖೇತ್ ರೋಗಗಳು ಚಿಪ್ಪಿನ ಬಣ್ಣವನ್ನು ತೊಳೆದಂತೆ ಮಾಡುತ್ತವೆ, ಚಿಪ್ಪು ಸುಕ್ಕಾಗಿ ತೆಳ್ಳಗೂ ಬರುತ್ತದೆ. ರಕ್ತಭೇದಿ ತಡೆಯಲು ಮರಿಗಳ ಆಹಾರಕ್ಕೆ ಬೆರೆಸುವ ನಿಕಾರ್ಬಜಿನ್ ಮೊಟ್ಟೆ ಇಡುವ ಕೋಳಿಯ ಹೊಟ್ಟೆಗೆ ಹೋದರೆ ಕಂದು ಚಿಪ್ಪು ಬಿಳಿಚಿಕೊಳ್ಳುತ್ತದೆ. ಮರಿ ಆಹಾರದ ಚೀಲ ಉಳಿದಿದೆ ಎಂದು ದೊಡ್ಡ ಕೋಳಿಗೆ ಸುರಿಯುವವರು ಈ ಒಂದು ಮಾತು ನೆನಪಿಡಬೇಕು. ರಾತ್ರಿ ಗೂಡಿನ ಸಂದುಗಳಿಂದ ಬಂದು ರಕ್ತ ಹೀರುವ ಕೆಂಪು ಉಣ್ಣೆ, ನಾಯಿಯ ಕಾಟ, ಸೆಕೆ, ಜಾಗ ಬದಲಾವಣೆ ಇವೆಲ್ಲ ಕೋಳಿಯನ್ನು ಗಾಬರಿಗೆಡಿಸುತ್ತವೆ. ಗಾಬರಿಯಾದ ಕೋಳಿ ಮೊಟ್ಟೆಯನ್ನು ಬೇಗ ಹಾಕಿಬಿಟ್ಟರೆ ಕಡೆಯ ಬಣ್ಣ ಬೀಳುವುದೇ ಇಲ್ಲ, ತಡೆದಿಟ್ಟುಕೊಂಡರೆ ಬಣ್ಣದ ಮೇಲೆ ಸುಣ್ಣದ ಪುಡಿಯಂಥ ಇನ್ನೊಂದು ಪದರ ಕೂರುತ್ತದೆ.

ಆಹಾರದಿಂದ ಚಿಪ್ಪನ್ನು ಕಡು ಮಾಡಲು ಆಗುವುದಿಲ್ಲ. ಚೆಂಡುಹೂ, ಮೆಣಸಿನ ಪುಡಿ ಬದಲಿಸುವುದು ಒಳಗಿನ ಹಳದಿ ಭಾಗದ ಬಣ್ಣವನ್ನು. ಮೊಟ್ಟೆ ಇಡುವ ಕೋಳಿಗೆ ಶೇ. 16-18 ಪ್ರೋಟೀನ್, ಬೇರೆ ಬಟ್ಟಲಲ್ಲಿ ಕಪ್ಪೆಚಿಪ್ಪಿನ ಚೂರು, ಇಷ್ಟಾದರೆ ಆಯಿತು. ಕಡು ಚಿಪ್ಪಿನ ಮೊಟ್ಟೆಯಲ್ಲಿ ಪೌಷ್ಟಿಕಾಂಶ ಹೆಚ್ಚು ಎಂಬುದಕ್ಕೂ ಆಧಾರವಿಲ್ಲ. ಇಷ್ಟರಲ್ಲೇ ಇನ್ನೊಂದು: ನಮ್ಮ ಕಡೆ ಕಡಕ್‌ನಾಥ್ ಕೋಳಿಯದೆಂದು ಇದ್ದಿಲಿನಂಥ ಕಪ್ಪು ಮೊಟ್ಟೆಯ ಚಿತ್ರಗಳು ವಾಟ್ಸಾಪಿನಲ್ಲಿ ಸುತ್ತುತ್ತಿರುತ್ತವೆ. ಆ ಕೋಳಿಯ ಚರ್ಮ, ಮಾಂಸ ಕಪ್ಪು, ಮೊಟ್ಟೆ ಮಾತ್ರ ತಿಳಿ ಕಂದು ಅಥವಾ ಕೆನೆ ಬಣ್ಣದ್ದು.

ರೂಪ: ಎಲ್ಲಿ ಕಣ್ಣು ಹಾಯಿಸಬೇಕು

ಬ್ಲ್ಯಾಕ್ ಕಾಪರ್ ಹುಂಜನ ಮೈ ಹಸಿರು ಹೊಳಪಿನ ಕಪ್ಪು. ಕುತ್ತಿಗೆ, ಹೆಗಲು, ಸೊಂಟದ ಗರಿಗಳಲ್ಲಿ ತಾಮ್ರ. ಹೇಂಟೆ ಕಪ್ಪು, ಕುತ್ತಿಗೆಯ ಗರಿಗಳಿಗೆ ಮಾತ್ರ ತಾಮ್ರದ ಅಂಚು. ಜುಟ್ಟು ಒಂಟಿ, ನೆಟ್ಟಗೆ. ಕಿವಿಯ ಹಾಲೆ ಕೆಂಪು, ಕಣ್ಣು ಕಿತ್ತಳೆಗೆಂಪು. ಕಣಕಾಲು ಬೂದುಗಪ್ಪು, ಅಂಗಾಲು ಬಿಳಿ. ಕಣಕಾಲಿನ ಹೊರಬದಿಗೂ ಹೊರಬೆರಳಿಗೂ ಹಗುರವಾಗಿ ಗರಿ, ನಡುಬೆರಳಿಗೆ ಬಾರದು. ಬಾಲ 45 ಡಿಗ್ರಿ ಮೀರಿ ಏಳಬಾರದು. ಫ್ರೆಂಚ್ ಮಾನದಂಡದಲ್ಲಿ ಬೆಳೆದ ಹುಂಜ 3.5ರಿಂದ 4 ಕೆಜಿ, ಹೇಂಟೆ 2.6ರಿಂದ 3.2 ಕೆಜಿ.

ದೋಷಗಳಲ್ಲಿ ಕೆಲವು ಮುಂದಿನ ಮರಿಗಳಲ್ಲಿ ತಿದ್ದುವಂಥವು, ಕೆಲವು ಹಾಗಲ್ಲ. ಅಂಗಾಲಿನ ಹಳದಿ ಎರಡನೆಯ ಜಾತಿಗೆ ಸೇರಿದ್ದು. ಹಳದಿ ಚರ್ಮದ ಜೀನ್ ಅಡಗಿ ಕೂರುವಂಥದ್ದು, ಬಿಳಿ ಅಂಗಾಲಿನ ಅಪ್ಪ ಅಮ್ಮ ಇಬ್ಬರೂ ಅದನ್ನು ಒಂದೊಂದು ಪ್ರತಿ ಹೊತ್ತಿದ್ದರೆ ನಾಲ್ಕರಲ್ಲೊಂದು ಮರಿ ಹಳದಿ ಅಂಗಾಲಿನದು. ಅಂದರೆ ಒಂದು ಹಳದಿ ಮರಿ ಕಂಡರೆ ಮರಿಯನ್ನಷ್ಟೇ ತೆಗೆದರೆ ಸಾಲದು, ಅಪ್ಪ ಅಮ್ಮ ಇಬ್ಬರ ಮೇಲೂ ಗುರುತು ಹಾಕಬೇಕು. ಯಾವ ಹೇಂಟೆಯ ಮರಿ ಎಂದು ಬರೆದಿಟ್ಟಿರದಿದ್ದರೆ ಇಲ್ಲಿಗೇ ಕೆಲಸ ಕೆಟ್ಟಿತು. ಜುಟ್ಟಿನ ಪಕ್ಕದಿಂದ ಮುಳ್ಳಿನ ಹಾಗೆ ಚಿಗುರುವ ಹೆಚ್ಚುವರಿ ಮೊನೆಯೂ ಹೀಗೇ ಹಟಮಾರಿ. ಎಷ್ಟು ಒಳ್ಳೆಯ ಕೋಳಿಯಾದರೂ ಆ ಮೊನೆ ಇದ್ದರೆ ಮರಿ ಮಾಡಿಸಲು ಬೇಡ. ಗರಿಯಿಲ್ಲದ ಕಾಲಿನದ್ದು ಅಷ್ಟು ಭಯಪಡುವಂಥದ್ದಲ್ಲ. ಗರಿಗಾಲು ಅರೆಪ್ರಬಲ ಗುಣ, ಅಂದರೆ ಜೀನ್ ಒಂದೇ ಪ್ರತಿ ಇದ್ದರೂ ಸ್ವಲ್ಪ ಕಾಣುತ್ತದೆ, ಚೆನ್ನಾಗಿ ಗರಿಯಿರುವ ಜೊತೆಗೆ ಹಾಕಿದರೆ ಮರಿಗಳಲ್ಲಿ ಮತ್ತೆ ಬರುತ್ತದೆ.

ತಾಮ್ರದ ವಿಷಯಕ್ಕೆ ಬಂದರೆ ಹೆಚ್ಚು ಜನ ಎಡವುವುದು ಹುಂಜನ ಎದೆಯಲ್ಲಿ. ಎದೆ ಪೂರ್ತಿ ಕಪ್ಪಾಗಿರುವ ಹುಂಜ ನೋಡಲು ಚೊಕ್ಕ, ಎಲ್ಲರ ಕಣ್ಣೂ ಅವನ ಮೇಲೆ. ಆದರೆ ಅಂಥವನ ಹೆಣ್ಣುಮಕ್ಕಳಲ್ಲಿ ಎಷ್ಟೋ ಸಲ ಕುತ್ತಿಗೆಗೆ ತಾಮ್ರವೇ ಇರುವುದಿಲ್ಲ, ಬರೀ ಕಪ್ಪು ಕೋಳಿಗಳು. ಕಪ್ಪನ್ನು ಹೆಚ್ಚಿಸುವ ಜೀನ್‌ಗಳು ಗಂಡಿನ ಎದೆಯನ್ನು ಮುಚ್ಚುವ ಹೊತ್ತಿಗೆ ಹೆಣ್ಣಿನ ಕುತ್ತಿಗೆಯನ್ನೂ ಮುಚ್ಚಿರುತ್ತವೆ. ಎದೆಯಲ್ಲಿ ಅಲ್ಲೊಂದು ಇಲ್ಲೊಂದು ತಾಮ್ರದ ಚುಕ್ಕೆ ಇರುವ ಹುಂಜನಿಂದ ಕುತ್ತಿಗೆ ತುಂಬ ಅಂಚು ಬಂದ ಹೇಂಟೆಗಳು ಸಿಗುತ್ತವೆ. ಮಾನದಂಡವೂ ಎದೆಯ ಮೇಲಿನ ಹಗುರ ಚುಕ್ಕೆಯನ್ನು ಒಪ್ಪುತ್ತದೆ, ಹಾಗಿರುವಾಗ ಕಪ್ಪೆದೆಯ ಮೋಹ ಯಾಕೋ ತಿಳಿಯದು. ಎದೆಯ ಅರ್ಧಕ್ಕೂ ತಾಮ್ರ ಹರಡಿದರೆ ಮಾತ್ರ ಅದು ಅತಿ.

ಕುತ್ತಿಗೆಯ ಗರಿ ತಾಮ್ರದ ಬದಲು ಒಣಹುಲ್ಲಿನ ಹಳದಿಯಾಗಿದ್ದರೆ ತಾಮ್ರದ ಜಾಗವನ್ನು ಬಿಳಿಯಾಗಿಸುವ ಬೆಳ್ಳಿಯ ಜೀನ್ ನುಸುಳಿರಬಹುದು. ಇದು ಲಿಂಗಕ್ಕೆ ಅಂಟಿದ ಗುಣ. ಹೇಂಟೆಗೆ ಒಂದೇ ಪ್ರತಿ, ಇದ್ದರೆ ಬಿಳಿಬೆಳ್ಳಿಯಾಗಿ ಕಂಡೇ ಕಾಣುತ್ತದೆ. ಹುಂಜನಿಗೆ ಎರಡು ಪ್ರತಿ, ಒಂದು ಬೆಳ್ಳಿ, ಇನ್ನೊಂದು ಚಿನ್ನ (ತಾಮ್ರದ ಬಣ್ಣಕ್ಕೆ ಬೇಕಾದದ್ದು) ಇದ್ದರೆ ಈ ಮಾಸಲು ಹಳದಿ. ಹೇಂಟೆಗಳು ಶುದ್ಧ ತಾಮ್ರದವಾಗಿದ್ದರೆ ಸಂಶಯಿಸಬೇಕಾದ್ದು ಹುಂಜನನ್ನೇ.

ಆರಿಸುವುದಕ್ಕೆ ಹೊತ್ತು ಗೊತ್ತಿರಬೇಕು. ಮೊಟ್ಟೆಯೊಡೆದ ದಿನವೇ ಕಾಲಿನ ಗರಿ, ಬೆರಳು, ಕೊಕ್ಕು ನೋಡಬಹುದು. ಎಂಟು ಹತ್ತು ವಾರಕ್ಕೆ ಜುಟ್ಟಿನ ಮೊನೆ, ಅಂಗಾಲಿನ ಬಣ್ಣ, ನಡಿಗೆ ಗೊತ್ತಾಗುತ್ತದೆ. ಮರಿಗಳ ರೆಕ್ಕೆಯ ತುದಿಯಲ್ಲಿ ಬಿಳಿ ಗರಿ ಕಂಡರೆ ಗಾಬರಿ ಬೇಡ, ಬಹುಪಾಲು ಮರಿಗಳಲ್ಲಿ ಅವು ಉದುರಿ ಕಪ್ಪು ಬರುತ್ತವೆ. ತಾಮ್ರದ ಮಾತು ಐದಾರು ತಿಂಗಳಿಗೆ ಮುಂಚೆ ಎತ್ತಬಾರದು. ಕಣ್ಣಿನ ಬಣ್ಣ ಎಲ್ಲಕ್ಕಿಂತ ನಿಧಾನ.

ಯಾರ ಮೊಟ್ಟೆ, ಯಾರ ಮರಿ

ಒಂದು ಹುಂಜ, ನಾಲ್ಕರಿಂದ ಆರು ಹೇಂಟೆ, ಇದು ಒಂದು ಪಂಜರ. ಇಂಥವು ಮೂರಿದ್ದರೆ ರಕ್ತ ಸಂಬಂಧವನ್ನು ಬಹುಕಾಲ ಹದದಲ್ಲಿಡಬಹುದು: ಹೆಣ್ಣುಮರಿಗಳು ತಾಯಿಯ ಪಂಜರದಲ್ಲೇ ಉಳಿಯುತ್ತವೆ, ಆರಿಸಿದ ಗಂಡುಮರಿ ಮುಂದಿನ ಪಂಜರಕ್ಕೆ ಹೋಗುತ್ತದೆ, ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ, ಮೂರರಿಂದ ಒಂದಕ್ಕೆ. ಒಡಹುಟ್ಟಿದವರನ್ನು ಜೋಡಿಸಿದರೆ ಒಂದೇ ತಲೆಮಾರಿಗೆ ಶೇ. 25ರಷ್ಟು ಒಳತಳಿ (ಹತ್ತಿರದ ರಕ್ತದ ಕೂಡಿಕೆ). ಮರಿ ಒಡೆಯುವ ಪ್ರಮಾಣ ಕುಸಿಯಲು ಹೆಚ್ಚು ಕಾಲ ಬೇಡ. ಹುಂಜನನ್ನು ಬದಲಿಸಿದ ಮೇಲೆ ಮೂರು ವಾರ ಆ ಪಂಜರದ ಮೊಟ್ಟೆಯನ್ನು ಕಾವಿಗೆ ಇಡಬೇಡಿ. ಹಳೆಯವನ ವೀರ್ಯ ಹೇಂಟೆಯ ಒಳಗೆ ಎರಡು ಮೂರು ವಾರ ಜೀವಂತ ಇರುತ್ತದೆ.

ಯಾವ ಹೇಂಟೆ ಯಾವ ಮೊಟ್ಟೆ ಇಟ್ಟಳು ಎಂದು ತಿಳಿಯಲು ಬಲೆಗೂಡು ಬೇಕು. ಸುಮಾರು 35 ಸೆಂಮೀ ಅಗಲ, 40 ಆಳದ ಪೆಟ್ಟಿಗೆ, ಕೋಳಿ ಒಳಗೆ ನುಗ್ಗುವಾಗ ಬೆನ್ನು ತಾಗಿ ಹಿಂದೆ ಮುಚ್ಚಿಕೊಳ್ಳುವ ಬಾಗಿಲು. ಗಂಟೆಗೊಮ್ಮೆ ಹೋಗಿ ಬಿಡಿಸಬೇಕು, ಸೆಕೆಗಾಲದಲ್ಲಿ ಇನ್ನೂ ಬೇಗ. ದಿನವಿಡೀ ಇದಕ್ಕೆ ಕಾಯಲಾಗದವರು ಮರಿ ಮಾಡಿಸುವ ಹಂಗಾಮಿನಲ್ಲಿ ಎರಡು ವಾರ ಮಾತ್ರ ಮಾಡಿದರೂ ಸಾಕು. ಒಬ್ಬೊಬ್ಬಳ ಮೊಟ್ಟೆಗೆ ಒಂದೊಂದು ಆಕಾರ, ಚುಕ್ಕೆಯ ಚಹರೆ ಇರುತ್ತದೆ, ಎರಡು ವಾರದಲ್ಲಿ ಕಣ್ಣಿಗೆ ರೂಢಿಯಾಗುತ್ತದೆ. ಮೊಟ್ಟೆಯ ಮೇಲೆ ಪೆನ್ಸಿಲ್ಲಿನಲ್ಲಿ ಹೇಂಟೆಯ ಸಂಖ್ಯೆ, ತಾರೀಕು, ಅಂಕ. ಕಡು ಚಿಪ್ಪಿನ ಮೇಲೆ ಸೀಸದ ಪೆನ್ಸಿಲ್ ಕಾಣುವುದಿಲ್ಲ, ಬಿಳಿ ಬಣ್ಣದ ಪೆನ್ಸಿಲ್ ತೆಗೆದುಕೊಳ್ಳಿ.

ಮರಿ ಒಡೆಯುವ ಮೂರು ದಿನ ಮೊದಲು ಒಬ್ಬೊಬ್ಬ ತಾಯಿಯ ಮೊಟ್ಟೆಗಳನ್ನು ಬೇರೆ ಬೇರೆ ಬಲೆಚೀಲಕ್ಕೋ ಜಾಲರಿ ಬುಟ್ಟಿಗೋ ಹಾಕಿಡಿ. ಮರಿ ಹೊರಬಂದ ಮೇಲೆ ಬೆರಳ ನಡುವಿನ ಪೊರೆಗೆ ಸಣ್ಣ ತೂತು. ಒಂದು ಕಾಲಿಗೆ ಎರಡು ಪೊರೆ, ಎರಡು ಕಾಲಿಗೆ ನಾಲ್ಕು. ತೂತು ಇದೆ, ಇಲ್ಲ ಎಂಬ ಲೆಕ್ಕದಲ್ಲಿ 16 ಗುರುತುಗಳು ಸಿಗುತ್ತವೆ. ತೂತು ಪೂರ್ತಿ ಆಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಚೂರು ಅಂಟಿಕೊಂಡಿದ್ದರೆ ವಾರದಲ್ಲಿ ಮುಚ್ಚಿಹೋಗುತ್ತದೆ. ಪ್ಲಾಸ್ಟಿಕ್ ಉಂಗುರ ಹಾಕುವುದಾದರೆ ವಾರಕ್ಕೊಮ್ಮೆ ಬದಲಿಸಬೇಕು. ಮರಾನ್ಸ್ ಮರಿಯ ಕಾಲು ದಪ್ಪ, ಉಂಗುರ ಗರಿಯಡಿಯಲ್ಲಿ ಮಾಂಸಕ್ಕೆ ಕೊರೆದದ್ದು ಕಣ್ಣಿಗೆ ಬೀಳುವುದಿಲ್ಲ.

ಈಗ ಹುಂಜ. ಅವನನ್ನು ಮೂರು ಕಡೆಯಿಂದ ಅಳೆಯಬಹುದು: ಅವನು ಒಡೆದು ಬಂದ ಮೊಟ್ಟೆಯ ಅಂಕ, ಒಡಹುಟ್ಟಿದ ಅಕ್ಕತಂಗಿಯರು ಇಡುವ ಮೊಟ್ಟೆ, ಅವನ ಹೆಣ್ಣುಮಕ್ಕಳು ಇಡುವ ಮೊಟ್ಟೆ. ಮೊದಲನೆಯದು ತಾಯಿಯ ಗುಣವನ್ನಷ್ಟೇ ಹೇಳುತ್ತದೆ, ಅವನ ಅಪ್ಪನ ಬಗ್ಗೆ ಏನನ್ನೂ ಹೇಳುವುದಿಲ್ಲ. ಎರಡನೆಯದು ಇನ್ನೂ ವಾಸಿ. ಮೂರನೆಯದೇ ನಿಜವಾದ ತೀರ್ಪು. ತೊಂದರೆ ಏನೆಂದರೆ ಮರಾನ್ಸ್ ಹೇಂಟೆ ಮೊಟ್ಟೆಗೆ ಬರಲು ಆರೇಳು ತಿಂಗಳು ಬೇಕು, ಅದರ ಮೇಲೆ ಮೂವತ್ತು ಮೊಟ್ಟೆ ಕಾಯಬೇಕು. ಅಷ್ಟರಲ್ಲಿ ಅಪ್ಪನನ್ನು ಮಾರಿಯೋ ಸಾರು ಮಾಡಿಯೋ ಆಗಿರುತ್ತದೆ. ಹುಂಜನನ್ನು ಕನಿಷ್ಠ ಎರಡನೆಯ ಹಂಗಾಮಿನವರೆಗೆ ಇಟ್ಟುಕೊಳ್ಳಿ, ಐದಾರು ಹೆಣ್ಣುಮಕ್ಕಳ ಅಂಕ ಕೈಗೆ ಬರುವ ತನಕ ಅವನ ಬಗ್ಗೆ ತೀರ್ಮಾನ ಬೇಡ. ಹೆಣ್ಣುಮಕ್ಕಳು ತಾಯಂದಿರಿಗಿಂತ ಸರಾಸರಿ ಒಂದು ಅಂಕ ಕೆಳಗಿದ್ದರೆ ಅವನಿಗೆ ಎಷ್ಟು ರಿಬ್ಬನ್ ಬಂದಿದ್ದರೂ ಮರಿ ಮಾಡಿಸಲು ಬೇಡ. ಅಮೆರಿಕದಲ್ಲಿರುವ ನಮ್ಮವರಿಗೆ ಇಲ್ಲೊಂದು ಕಷ್ಟ: ಎಷ್ಟೋ ಊರುಗಳಲ್ಲಿ ಹಿತ್ತಲಲ್ಲಿ ಹೇಂಟೆ ಸಾಕಬಹುದು, ಹುಂಜ ಸಾಕುವಂತಿಲ್ಲ. ಊರಿನ ನಿಯಮ ನೋಡಿಕೊಂಡೇ ಮೊಟ್ಟೆ ತರಿಸಿ.

ಬಣ್ಣ ಒಂದು ವರ್ಷ, ರೂಪ ಇನ್ನೊಂದು ವರ್ಷ ಎಂದು ಸರದಿ ಹಾಕುವವರಿದ್ದಾರೆ. ಈ ವರ್ಷ ಗಳಿಸಿದ್ದನ್ನು ಮುಂದಿನ ವರ್ಷ ಕಳೆದುಕೊಳ್ಳುವ ದಾರಿ ಅದು. ಪ್ರತಿ ವರ್ಷವೂ ಎರಡಕ್ಕೂ ಒಂದೊಂದು ಹೊಸ್ತಿಲು ಇಡುವುದು ಮೇಲು. ಹೇಂಟೆಗೆ ಮೂವತ್ತನೆಯ ಮೊಟ್ಟೆಯಲ್ಲಿ 5, ತೂಕ 65 ಗ್ರಾಂ. ಜುಟ್ಟಿನ ಮೊನೆ, ಹಳದಿ ಅಂಗಾಲು, ಬಿಳಿ ಕಿವಿಹಾಲೆ ಇವುಗಳಲ್ಲಿ ಒಂದೂ ಇರಬಾರದು. ಈ ಹೊಸ್ತಿಲು ದಾಟಿದವುಗಳಲ್ಲಿ ಮಾತ್ರ ಅಂದದ ಸ್ಪರ್ಧೆ. ಅರವತ್ತು ಮೊಟ್ಟೆ ಇಟ್ಟು ನಲವತ್ತು ಮರಿ ಬಂದರೆ ಕಡೆಗೆ ಉಳಿಸಿಕೊಳ್ಳಲು ಯೋಗ್ಯವಾದವು ಎರಡು ಗಂಡು, ನಾಲ್ಕೈದು ಹೆಣ್ಣು ಸಿಕ್ಕಾವು. ಹನ್ನೆರಡು ಮೊಟ್ಟೆ ಇಟ್ಟು ತಳಿ ಸುಧಾರಿಸುತ್ತೇನೆ ಅಂದರೆ ಆಗದು.

ಕಾವಿಗೆ ಇಡುವಾಗ

ತಿಳಿ ಬಣ್ಣದ ಮೊಟ್ಟೆಗೆ ಹೇಳಿದ ಲೆಕ್ಕ ಕಡು ಮೊಟ್ಟೆಗೆ ನಡೆಯುವುದಿಲ್ಲ. ದಪ್ಪ ಬಣ್ಣದ ಪದರ ಚಿಪ್ಪಿನ ರಂಧ್ರಗಳನ್ನು ಮುಚ್ಚಿಕೊಂಡಿರುತ್ತದೆ, ಒಳಗಿನ ನೀರು ಸಾಕಷ್ಟು ಹೊರಹೋಗುವುದಿಲ್ಲ. 18ನೇ ದಿನಕ್ಕೆ ಮೊಟ್ಟೆ ಶೇ. 11-13 ತೂಕ ಕಳೆದುಕೊಂಡಿರಬೇಕು. ಕಳೆದುಕೊಳ್ಳದಿದ್ದರೆ ಮೊಟ್ಟೆಯ ಅಗಲ ತುದಿಯೊಳಗಿನ ಗಾಳಿಗೂಡು ಚಿಕ್ಕದಾಗಿ, ಪೂರ್ತಿ ಬೆಳೆದ ಮರಿ ಕೊಕ್ಕು ಇಟ್ಟ ಜಾಗದಲ್ಲೇ ಉಸಿರುಗಟ್ಟಿ ಸಾಯುತ್ತದೆ. ಸತ್ತ ಮೊಟ್ಟೆ ಒಡೆದು ನೋಡಿದರೆ ಮರಿ ಊದಿಕೊಂಡು, ಸುತ್ತ ಲೋಳೆ ಇನ್ನೂ ಒದ್ದೆಯಾಗಿದ್ದರೆ ಕಾರಣ ಇದೇ.

ಫ್ಯಾನಿನಿಂದ ಗಾಳಿಯಾಡುವ ಕಾವು ಯಂತ್ರದಲ್ಲಿ 37.5 ಡಿಗ್ರಿ ಸೆಲ್ಸಿಯಸ್, ಮೊದಲ 18 ದಿನ ತೇವಾಂಶ ಶೇ. 30-40. ಬಹಳ ಊರುಗಳಲ್ಲಿ ಇದರರ್ಥ ನೀರಿನ ತಟ್ಟೆಯನ್ನು ಖಾಲಿ ಬಿಡುವುದು. ಮಲೆನಾಡಿನ ಮಳೆಗಾಲದಲ್ಲಿ ಅಷ್ಟಕ್ಕೂ ಬಗ್ಗುವುದಿಲ್ಲ, ಹೊರಗಿನ ಗಾಳಿಯೇ ನೀರು ಹೊತ್ತಿರುತ್ತದೆ. ತೇವ ಹೀರುವ ಯಂತ್ರವಿರುವ ಕೋಣೆಯಲ್ಲಿ ಇಡಬೇಕು, ಇಲ್ಲವೇ ಚಳಿಗಾಲ ಕಾಯಬೇಕು. ಕಡೆಯ ಮೂರು ದಿನ ಮಾತ್ರ ತೇವಾಂಶ ಶೇ. 65-70ಕ್ಕೆ ಏರಿಸಿ, ಹೊರಳಿಸುವುದನ್ನು ನಿಲ್ಲಿಸಿ.

ಟಾರ್ಚ್ ಹಿಡಿದರೆ 6, 7ನೇ ಅಂಕದ ಮೊಟ್ಟೆಯೊಳಗೆ ಏನೂ ಕಾಣುವುದಿಲ್ಲ. ಬಲವಾದ ಎಲ್‌ಇಡಿ, ಕತ್ತಲೆ ಕೋಣೆ ಇದ್ದರೂ ಹತ್ತನೆಯ ದಿನಕ್ಕೆ ಮುಂಚೆ ಊಹೆಯೇ. ಅದಕ್ಕಿಂತ 0.1 ಗ್ರಾಂ ತೋರಿಸುವ ತಕ್ಕಡಿ ಒಳ್ಳೆಯದು. 70 ಗ್ರಾಂ ಮೊಟ್ಟೆಗೆ ಶೇ. 12ರ ಗುರಿ ಇಟ್ಟುಕೊಂಡರೆ 7ನೇ ದಿನ 66.7, 14ನೇ ದಿನ 63.5, 18ನೇ ದಿನ 61.6 ಗ್ರಾಂ ಬರಬೇಕು. 7ನೇ ದಿನ 68ರಲ್ಲಿ ನಿಂತಿದ್ದರೆ ಆಗಲೇ ತೇವಾಂಶ ಇಳಿಸಿ, 15ನೇ ದಿನ ಎಚ್ಚೆತ್ತರೆ ಹೊತ್ತು ಮೀರಿರುತ್ತದೆ. ತಿಳಿ ಮೊಟ್ಟೆ, ಕಡು ಮೊಟ್ಟೆ ಒಂದೇ ಯಂತ್ರದಲ್ಲಿ ಇಟ್ಟರೆ ಒಂದಕ್ಕೆ ಸರಿಹೋದದ್ದು ಇನ್ನೊಂದಕ್ಕೆ ಸರಿಹೋಗದು.

ಇಡುವ ಮೊದಲು ಮೊಟ್ಟೆಯನ್ನು ತೊಳೆಯಬೇಡಿ, ಬಣ್ಣವೂ ಹೋಗುತ್ತದೆ, ರೋಗಾಣು ತಡೆಯುವ ಪದರವೂ ಹೋಗುತ್ತದೆ. 13-16 ಡಿಗ್ರಿಯಲ್ಲಿ, ಚೂಪು ತುದಿ ಕೆಳಗಾಗಿ, ಏಳು ದಿನದೊಳಗೆ. ಅಂಚೆಯಲ್ಲಿ ಬಂದದ್ದಾದರೆ ಒಂದು ದಿನ ನೆಟ್ಟಗೆ ನಿಲ್ಲಿಸಿ ಆಮೇಲೆ ಯಂತ್ರಕ್ಕೆ. ಹರೆಯದ ಹೇಂಟೆಯ 8, 9ನೇ ಅಂಕದ ಪುಟ್ಟ ಮೊಟ್ಟೆಯನ್ನು ಆಸೆಗೆ ಬಿದ್ದು ಇಡುವವರು ಬಹಳ. ಮರಿ ಸಣ್ಣದು, ಚಿಪ್ಪು ಗಾಳಿಯಾಡದು, ಬಣ್ಣವೂ ಆ ಹೇಂಟೆಯ ನಿಜವಾದ ಬಣ್ಣವಲ್ಲ.

ಪ್ರದರ್ಶನಕ್ಕೆ

ಕಪ್ಪು ಗರಿ ಬಿಸಿಲಿಗೆ ತುಕ್ಕು ಹಿಡಿದಂತಾಗುತ್ತದೆ, ಹೊಸ ಗರಿ ಬರುವ ಹೊತ್ತಿಗೆ ನೆರಳು ಬೇಕು. ಹತ್ತು ದಿನ ಮೊದಲೇ ಪ್ರದರ್ಶನದ ಅಳತೆಯ ಪಂಜರದಲ್ಲಿ ಇಟ್ಟು ಕೈಗೆ ರೂಢಿ ಮಾಡಿಸಿ, ಮೂಲೆಯಲ್ಲಿ ಮುದುಡಿದ ಕೋಳಿಯ ಬೆನ್ನಿನ ಗೆರೆ ತೀರ್ಪುಗಾರರಿಗೆ ಕಾಣುವುದಿಲ್ಲ. ಎರಡು ಮೂರು ದಿನ ಮೊದಲು ಬೆಚ್ಚನೆಯ ನೀರಿನ ಮೂರು ಬೋಗುಣಿ: ಮೊದಲನೆಯದರಲ್ಲಿ ಮೃದು ಸೋಪು, ಎರಡನೆಯದು ಬರೀ ನೀರು, ಮೂರನೆಯದಕ್ಕೆ ಸ್ವಲ್ಪ ವಿನೆಗರ್. ಸೋಪು ಉಳಿದರೆ ಕಪ್ಪು ಮಂಕಾಗುತ್ತದೆ. ಗರಿಯ ದಿಕ್ಕಿನಲ್ಲೇ ಉಜ್ಜಬೇಕು. ಕಾಲಿಗೆ ಹಳೆಯ ಹಲ್ಲುಜ್ಜುವ ಬ್ರಷ್. ಕಾಲಿನ ಹುರುಪೆಗಳು ಎದ್ದು ಸುಣ್ಣ ಕಟ್ಟಿದಂತಿದ್ದರೆ ಅದು ಕೊಳೆಯಲ್ಲ, ಕಾಲಿನ ಹುಳುಕು ಉಣ್ಣೆ. ಸೀಮೆಎಣ್ಣೆ ಹಚ್ಚಬೇಡಿ, ಚರ್ಮ ಸುಟ್ಟು ಕಾಲಿನ ಗರಿಯೂ ಉದುರುತ್ತದೆ. ವಾರಗಟ್ಟಲೆ ವ್ಯಾಸಲೀನ್ ಹಚ್ಚಿ ಆ ಉಣ್ಣೆಯ ಉಸಿರುಗಟ್ಟಿಸಬೇಕು, ಹೆಚ್ಚಾಗಿದ್ದರೆ ಪಶುವೈದ್ಯರನ್ನು ಕೇಳಿ ಐವರ್ಮೆಕ್ಟಿನ್.

ಮೊಟ್ಟೆಯ ತಟ್ಟೆಯ ಸ್ಪರ್ಧೆಯೂ ಇದ್ದರೆ, ಅತ್ಯಂತ ಕಡುವಾದ ಒಂದು ಮೊಟ್ಟೆಗಿಂತ ಒಂದೇ ಬಣ್ಣ, ಒಂದೇ ಗಾತ್ರ, ಒಂದೇ ಆಕಾರದ ಮೂರೋ ಆರೋ ಮೊಟ್ಟೆಗೆ ಬೆಲೆ. ಆದ್ದರಿಂದ ಒಬ್ಬಳೇ ಹೇಂಟೆಯ ಮೊಟ್ಟೆಗಳನ್ನು ಎಂಟು ಹತ್ತು ದಿನ ತಂಪಿನಲ್ಲಿ ಕೂಡಿಡಿ. ಗೂಡಿಗೆ ದಿನವೂ ಹೊಸ ಮರದ ಹೊಟ್ಟು ಹಾಕಿ, ಇಟ್ಟ ಕೂಡಲೇ ಎತ್ತಿಕೊಳ್ಳಬೇಡಿ, ಚಿಪ್ಪು ಆರಲು ಐದು ನಿಮಿಷ ಬಿಡಿ. ಒದ್ದೆ ಚಿಪ್ಪಿಗೆ ಬೆರಳು ತಾಗಿದ ಕಡೆ ಬೆಳ್ಳನೆಯ ಕಲೆ ಉಳಿದುಬಿಡುತ್ತದೆ, ಆ ಮೊಟ್ಟೆ ಆಮೇಲೆ ಆಮ್ಲೆಟ್‌ಗೇ ಸರಿ.